ಕಪ್ಪಲ್ಲದ ಕಪ್ಪು ಶಿಲೀಂಧ್ರ

ಮಳೆಗಾಲ ಹಿಡಿದ ಮೇಲೆ ಮಲೆನಾಡಿನ ಮನೆಗಳಲ್ಲಿ ಬೂಷ್ಟು ಬಾರದ ವಸ್ತು ಯಾವುದಿದೆ? ಬಾಗಿಲ ಮೂಲೆಯ ಚರ್ಮದ ಚಪ್ಪಲಿ, ಬೀರುವಿನಲ್ಲಿ ಮಡಿಸಿಟ್ಟ ಕೋಟು, ಹಳೆಯ ಪುಸ್ತಕದ ರಟ್ಟು, ಮುಚ್ಚಳ ಸಡಿಲಾದ ಉಪ್ಪಿನಕಾಯಿ ಜಾಡಿ, ಮೊನ್ನೆ ತಂದ ಬ್ರೆಡ್ಡು, ಒಂದನ್ನೂ ಅದು ಬಿಡುವುದಿಲ್ಲ. ಶಿವಮೊಗ್ಗದಲ್ಲಾಗಲಿ, ಭದ್ರಾವತಿಯ ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಾಗಲಿ ಬೆಳೆದವರಿಗೆ ಅದು ಹೆದರುವ ಸಂಗತಿಯೇ ಅಲ್ಲ. ಬಟ್ಟೆಯಿಂದ ಒರೆಸಿ, ಬಿಸಿಲು ಬಿದ್ದ ದಿನ ಅಂಗಳದಲ್ಲಿ ಹರವಿದರೆ ಮುಗಿಯಿತು. ಈ ಬೂಷ್ಟಿನ ಕುಲಕ್ಕೇ ಸೇರಿದ ಒಂದು ಜೀವಿ 2021ರ ಬೇಸಿಗೆಯಲ್ಲಿ ಮನುಷ್ಯರ ಮೂಗಿನೊಳಗೆ ಬೇರುಬಿಟ್ಟು, ಕೆನ್ನೆಯ ಮೂಳೆಯನ್ನು ಕೊಳೆಯಿಸಿ, ಎಷ್ಟೋ ಜನರ ಕಣ್ಣನ್ನೂ ಪ್ರಾಣವನ್ನೂ ತೆಗೆದುಕೊಂಡಿತು. ಅದಕ್ಕೆ ಪತ್ರಿಕೆಗಳೂ ಟಿ.ವಿ.ಗಳೂ ಕೊಟ್ಟ ಹೆಸರು ‘ಕಪ್ಪು ಶಿಲೀಂಧ್ರ’. ವೈದ್ಯರು ಕರೆಯುವುದು ಮ್ಯೂಕರ್‌ಮೈಕೋಸಿಸ್ ಎಂದು.

ಕೋವಿಡ್‌ನ ಎರಡನೆಯ ಅಲೆ ಇಳಿಮುಖವಾಗುವ ಹೊತ್ತಿಗೆ ಈ ಕಾಯಿಲೆ ಏರುಮುಖವಾಗಿತ್ತು. ವೈರಸ್ಸಿನಿಂದ ಪಾರಾಗಿ ಮನೆಗೆ ಬಂದವರಿಗೆ ಒಂದೆರಡು ವಾರದಲ್ಲಿ ಮುಖದ ಒಂದು ಪಕ್ಕ ನೋಯತೊಡಗುತ್ತಿತ್ತು. 2021ರ ಮೇ 20ರಂದು ಕೇಂದ್ರ ಆರೋಗ್ಯ ಸಚಿವಾಲಯವು ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸುವಂತೆ ತಿಳಿಸಿತು. ಕರ್ನಾಟಕದಲ್ಲಿ ಚಿಕಿತ್ಸೆಯ ಮೊದಲ ಕೇಂದ್ರವಾದದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಜೊತೆಗೆ ಮೈಸೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಉಡುಪಿ ಮತ್ತು ಶಿವಮೊಗ್ಗಗಳಲ್ಲಿ ಪ್ರಾದೇಶಿಕ ಕೇಂದ್ರಗಳನ್ನು ಗುರುತಿಸಲಾಯಿತು. ಶಿವಮೊಗ್ಗದಲ್ಲಿ ಆ ಹೊಣೆ ಬಿದ್ದದ್ದು ಸಿಮ್ಸ್ ವೈದ್ಯಕೀಯ ಕಾಲೇಜಿನ ಮೇಲೆ, ಎಂದರೆ ಜಿಲ್ಲೆಯ ಜನ ಇಂದಿಗೂ ಮೆಗ್ಗಾನ್ ಎಂದೇ ಕರೆಯುವ ಆಸ್ಪತ್ರೆಯ ಮೇಲೆ. ಭದ್ರಾವತಿಯಿಂದ ಅಲ್ಲಿಗೆ ಸುಮಾರು 20 ಕಿಲೋಮೀಟರು. ಜುಲೈ ತಿಂಗಳ ನಡುವಿನ ಹೊತ್ತಿಗೆ ದೇಶದಲ್ಲಿ ವರದಿಯಾದ ಪ್ರಕರಣಗಳು 45 ಸಾವಿರವನ್ನು ದಾಟಿದ್ದವು, ಸಾವುಗಳು 4 ಸಾವಿರವನ್ನು ದಾಟಿದ್ದವು. ಮಹಾರಾಷ್ಟ್ರ, ಗುಜರಾತ್‌ಗಳಂತೆ ಕರ್ನಾಟಕವೂ ಹೆಚ್ಚು ಪೆಟ್ಟು ತಿಂದ ರಾಜ್ಯಗಳಲ್ಲಿ ಒಂದು.

ಶಿವಮೊಗ್ಗ ಜಿಲ್ಲೆಗೆ ವೈರಸ್ಸು ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಜೊತೆ ಇಲ್ಲಿನ ಜನ ಅಂದಿನಿಂದಲೂ ಬಾಳುತ್ತಿದ್ದಾರೆ. ಆದರೆ ಒಂದು ಕಾಯಿಲೆ ಬಿಟ್ಟುಹೋದ ಬಾಗಿಲಿನಿಂದ ಇನ್ನೊಂದು ಒಳಗೆ ಬಂದದ್ದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಯಾರೂ ಕಂಡಿರಲಿಲ್ಲ.

ಮೊದಲು ಹೆಸರಿನ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳಬೇಕು, ಏಕೆಂದರೆ ಈ ಹೆಸರು ಸಾಕಷ್ಟು ಅನಾಹುತ ಮಾಡಿದೆ. ‘ಶಿಲೀಂಧ್ರ’ ಎಂಬುದು ಸಂಸ್ಕೃತದಲ್ಲಿ ಅಣಬೆಗೆ ಇದ್ದ ಚೆಲುವಾದ ಮಾತು. ಕಾಳಿದಾಸನ ಮೇಘದೂತದಲ್ಲಿ ಮೋಡದ ಗುಡುಗಿಗೆ ನೆಲದಿಂದ ಶಿಲೀಂಧ್ರಗಳು ಎದ್ದುಬರುತ್ತವೆ. ಗುಡುಗಿದರೆ ಅಣಬೆ ಏಳುತ್ತದೆ ಎಂದು ನಮ್ಮ ಮಲೆನಾಡಿನವರೂ ಹೇಳುತ್ತಾರೆ. ಆಧುನಿಕ ಜೀವಶಾಸ್ತ್ರವನ್ನು ಕನ್ನಡಕ್ಕೆ ತಂದವರು ಇದೇ ಮಾತನ್ನು ಅಣಬೆ, ಬೂಷ್ಟು, ಹುದುಗು ಎಲ್ಲಕ್ಕೂ ಸೇರಿಸಿ ಅನ್ವಯಿಸಿದರು. ಅಲ್ಲಿಗೆ ತಪ್ಪೇನಿಲ್ಲ. ತಪ್ಪಾದದ್ದು ಅದರ ಹಿಂದೆ ‘ಕಪ್ಪು’ ಸೇರಿದಾಗ. ಈ ರೋಗ ತರುವ ಜೀವಿಯ ಬಣ್ಣ ಕಪ್ಪಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದರೆ ಅದು ಬಿಳಿಯ ಹತ್ತಿಯಂತೆ ಏಳುತ್ತದೆ, ಬೀಜಕಗಳು ಬಲಿತಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಕಪ್ಪಾಗುವುದು ರೋಗಿಯ ದೇಹ. ಮೂಗಿನ ಒಳಗೋ ಬಾಯಿಯ ಮೇಲ್ಛಾವಣಿಯಲ್ಲೋ ರಕ್ತ ನಿಂತುಹೋದ ಮಾಂಸ ಸತ್ತು ಇದ್ದಿಲಿನ ಬಣ್ಣಕ್ಕೆ ಬರುತ್ತದೆ. ಹೆಣದ ಬಣ್ಣವನ್ನು ಕೊಂದವನ ಹೆಸರಾಗಿ ಇಟ್ಟಂತಾಯಿತು.

ಹೆಸರಿನಲ್ಲಿ ಬಣ್ಣ ಬಂದದ್ದೇ ತಡ, ಅಡುಗೆಮನೆಯ ಕಪ್ಪೆಲ್ಲ ಅನುಮಾನಕ್ಕೆ ಗುರಿಯಾಯಿತು. ಈರುಳ್ಳಿಯ ಸಿಪ್ಪೆಯ ಮೇಲಿನ ಮಸಿಯೂ ಫ್ರಿಜ್ಜಿನ ರಬ್ಬರ್ ಪಟ್ಟಿಯ ಮೇಲಿನ ಕಲೆಯೂ ಇದೇ ಶಿಲೀಂಧ್ರವೆಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಈರುಳ್ಳಿಯ ಮಸಿ ಆಸ್ಪರ್ಜಿಲಸ್ ನೈಗರ್ ಎಂಬ ಬೇರೆಯೇ ಜಾತಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಪ್ಪಿನ ಬೆನ್ನಿಗೆ ‘ಬಿಳಿ ಶಿಲೀಂಧ್ರ’, ‘ಹಳದಿ ಶಿಲೀಂಧ್ರ’ಗಳೂ ಸುದ್ದಿಯಾದವು. ಬಣ್ಣದಿಂದ ಕರೆದು ಗೊಂದಲ ಮಾಡಬೇಡಿ, ರೋಗವನ್ನು ಅದರ ಹೆಸರಿನಿಂದಲೇ ಕರೆಯಿರಿ ಎಂದು ಆಗ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ ಕೇಳಿಕೊಳ್ಳಬೇಕಾಯಿತು. ಅಷ್ಟು ಹೊತ್ತಿಗೆ ಕಪ್ಪು ಜನರ ನಾಲಗೆಗೆ ಹತ್ತಿಯಾಗಿತ್ತು.

ಹಾಗಾದರೆ ಈ ಜೀವಿ ಯಾವುದು? ಮ್ಯೂಕರೇಲ್ಸ್ ಎಂಬ ಗಣಕ್ಕೆ ಸೇರಿದ ಹಲವು ಬೂಷ್ಟುಗಳು ಈ ರೋಗವನ್ನು ತರಬಲ್ಲವು. ಅವುಗಳಲ್ಲಿ ಮೊದಲ ಸ್ಥಾನ ರೈಜೋಪಸ್‌ಗೆ. ಶಾಲೆಯಲ್ಲಿ ಜೀವಶಾಸ್ತ್ರ ಓದಿದವರಿಗೆ ಬ್ರೆಡ್ಡಿನ ಮೇಲೆ ಬೆಳೆಯುವ ಬೂಷ್ಟಿನ ಚಿತ್ರ ಬರೆದದ್ದು ನೆನಪಿರಬಹುದು, ಅದೇ ವಂಶ. ಮಣ್ಣು, ಗೊಬ್ಬರದ ಗುಂಡಿ, ಕೊಳೆತ ಹಣ್ಣು, ಒದ್ದೆ ಹುಲ್ಲು ಎಲ್ಲವೂ ಅದರ ಮನೆ. ಸತ್ತದ್ದನ್ನು ಕರಗಿಸಿ ಮಣ್ಣಿಗೆ ಸೇರಿಸುವುದು ಅದರ ಕಸುಬು. ಇಂಡೊನೇಷ್ಯಾದಲ್ಲಿ ಸೋಯಾ ಕಾಳನ್ನು ಬೇಯಿಸಿ ಇದೇ ವಂಶದ ಒಂದು ಜಾತಿಯಿಂದ ಹುದುಗಿಸಿ ಟೆಂಪೆ ಎಂಬ ತಿನಿಸು ಮಾಡುತ್ತಾರೆ, ನಾವು ಇಡ್ಲಿ ಹಿಟ್ಟನ್ನು ಹುದುಗು ಬರಿಸುವ ಹಾಗೆ. ಗಾಳಿಯಲ್ಲಿ ತೇಲುವ ಇದರ ಬೀಜಕಗಳನ್ನು ನೀವೂ ನಾನೂ ದಿನವೂ ಉಸಿರಿನೊಡನೆ ಒಳಗೆ ಎಳೆದುಕೊಳ್ಳುತ್ತೇವೆ. ಏನೂ ಆಗುವುದಿಲ್ಲ.

ರೋಗವೂ ಹೊಸದಲ್ಲ. ಆಸ್ಟ್ರಿಯಾದ ಅರ್ನಾಲ್ಡ್ ಪಾಲ್ಟಾಫ್ 1885ರಲ್ಲೇ ಇಂಥ ಶಿಲೀಂಧ್ರ ದೇಹವಿಡೀ ಹರಡಿ ಸತ್ತ ರೋಗಿಯೊಬ್ಬನನ್ನು ವಿವರಿಸಿದ್ದಾನೆ. ನಮ್ಮ ಕಥೆಗೆ ಹೆಚ್ಚು ಹತ್ತಿರವಾದದ್ದು 1943ರ ಒಂದು ವರದಿ. ಅಮೆರಿಕದ ಗ್ರೆಗರಿ ಮತ್ತು ಸಂಗಡಿಗರು ಮೂವರು ರೋಗಿಗಳ ಬಗ್ಗೆ ಬರೆದರು. ಮೂವರಿಗೂ ಕಾಯಿಲೆ ಕಣ್ಣಿನ ಗೂಡಿಗೂ ಮಿದುಳಿಗೂ ಹರಡಿತ್ತು, ಮೂವರೂ ಉಳಿಯಲಿಲ್ಲ. ಮೂವರಿಗೂ ಇದ್ದದ್ದು ಮಧುಮೇಹ, ಅದೂ ರಕ್ತ ಹುಳಿಯಾಗುವಷ್ಟು ವಿಪರೀತಕ್ಕೆ ಹೋದ ಮಧುಮೇಹ. ಅಂದರೆ ಸಕ್ಕರೆ ಕಾಯಿಲೆಗೂ ಈ ಬೂಷ್ಟಿಗೂ ಇರುವ ನಂಟು 2021ಕ್ಕೆ ಮುಕ್ಕಾಲು ಶತಮಾನದಷ್ಟು ಹಿಂದೆಯೇ ಬರಹಕ್ಕೆ ಬಂದಿತ್ತು. ಭಾರತದ ವೈದ್ಯರಿಗಂತೂ ಇದು ಚೆನ್ನಾಗಿ ಪರಿಚಯವಿದ್ದ ಶತ್ರು. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ಅರುಣಾಲೋಕ್ ಚಕ್ರವರ್ತಿ ಮತ್ತು ಅವರ ತಂಡ ವರ್ಷಗಟ್ಟಲೆ ಈ ರೋಗದ ಲೆಕ್ಕ ಇಟ್ಟಿದ್ದರು. ಕೋವಿಡ್‌ಗೆ ಮೊದಲೇ ಭಾರತದಲ್ಲಿ ಹತ್ತು ಲಕ್ಷ ಜನರಿಗೆ ಸುಮಾರು 140 ಮಂದಿ ಎಂಬ ಅಂದಾಜು ಇತ್ತು. ಜಗತ್ತಿನ ಇತರ ಕಡೆಗಿಂತ ಇದು ಹತ್ತಾರು ಪಟ್ಟು ಹೆಚ್ಚು.

ಆರೋಗ್ಯವಂತನ ಮೂಗಿನಲ್ಲಿ ಏನೂ ಮಾಡಲಾಗದ ಬೀಜಕ ಮಧುಮೇಹಿಯ ಮೂಗಿನಲ್ಲಿ ಯಾಕೆ ಮೊಳೆಯುತ್ತದೆ? ಇಲ್ಲಿ ಭದ್ರಾವತಿಯವರಿಗೆ ರುಚಿಸಬಹುದಾದ ಒಂದು ವಿಷಯವಿದೆ. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರನ್ನು ಬೆಳೆಸಿದ್ದು ಕಬ್ಬಿಣ. ಈ ಬೂಷ್ಟನ್ನು ಬೆಳೆಸುವುದೂ ಕಬ್ಬಿಣವೇ.

ಕಬ್ಬಿಣವಿಲ್ಲದೆ ಬಹುಪಾಲು ಜೀವಿಗಳು ಬೆಳೆಯಲಾರವು. ನಮ್ಮ ರಕ್ತದಲ್ಲಿ ಕಬ್ಬಿಣವೇನೋ ಧಾರಾಳವಾಗಿದೆ, ಆದರೆ ಅದು ಬೀದಿಯಲ್ಲಿ ಬಿದ್ದಿರುವ ಮಾಲಲ್ಲ. ಬಹುಭಾಗ ಕೆಂಪು ರಕ್ತಕಣಗಳ ಒಳಗೆ ಬೀಗ ಹಾಕಿದ ಸ್ಥಿತಿಯಲ್ಲಿದೆ. ಹೊರಗೆ ಓಡಾಡುವ ಚೂರುಪಾರನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಇದು ದೇಹದ ಪುರಾತನ ಕಾವಲು ಉಪಾಯ: ಒಳನುಗ್ಗಿದವನಿಗೆ ಅನ್ನ ಸಿಗದಂತೆ ಉಗ್ರಾಣ ಮುಚ್ಚಿಡುವುದು. ಸಕ್ಕರೆ ಕಾಯಿಲೆ ಹತೋಟಿ ಮೀರಿದಾಗ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಸೇರಿ ರಕ್ತ ಹುಳಿಯತ್ತ ವಾಲುತ್ತದೆ. ಹುಳಿ ಹೆಚ್ಚಿದಂತೆ ಟ್ರಾನ್ಸ್‌ಫೆರಿನ್‌ನ ಹಿಡಿತ ಸಡಿಲವಾಗಿ ಕಬ್ಬಿಣ ಜಾರಿಬೀಳುತ್ತದೆ. ರೈಜೋಪಸ್ ಕಾಯುತ್ತಿರುವುದು ಅದಕ್ಕೇ. ಮೇಲಾಗಿ ಅದಕ್ಕೆ ಬೇಕಾದ ಸಕ್ಕರೆಯೂ ಅಲ್ಲಿಯೇ ಇದೆ. ಅದನ್ನು ನುಂಗಿ ಕೊಲ್ಲಬೇಕಾದ ಬಿಳಿ ರಕ್ತಕಣಗಳು ಸಕ್ಕರೆ ತುಂಬಿದ ರಕ್ತದಲ್ಲಿ ಮಂಕಾಗಿ, ಶತ್ರು ಇದ್ದ ಕಡೆಗೆ ನಡೆಯುವುದನ್ನೇ ಮರೆತಂತಿರುತ್ತವೆ.

ಕಬ್ಬಿಣದ ಈ ಪಾತ್ರ ತಿಳಿದುಬಂದ ಬಗೆಯೂ ಸ್ವಾರಸ್ಯವಾಗಿದೆ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಕೆಲವರಿಗೆ ದೇಹದಲ್ಲಿ ಸೇರಿಕೊಂಡ ಅಲ್ಯೂಮಿನಿಯಂ ಮತ್ತು ಕಬ್ಬಿಣವನ್ನು ತೆಗೆಯಲು ಡೆಫೆರಾಕ್ಸಮೀನ್ ಎಂಬ ಔಷಧಿ ಕೊಡುತ್ತಿದ್ದರು. ಕಬ್ಬಿಣವನ್ನು ಕಿತ್ತು ಹೊರಹಾಕುವ ಔಷಧಿ ಶಿಲೀಂಧ್ರವನ್ನು ಉಪವಾಸ ಕೆಡವಬೇಕಲ್ಲವೇ? ಆದದ್ದು ತದ್ವಿರುದ್ಧ. 1980ರ ದಶಕದಲ್ಲಿ ಈ ಔಷಧಿ ಪಡೆದವರಲ್ಲೇ ಮ್ಯೂಕರ್ ರೋಗ ಹೆಚ್ಚಾಗಿ ಕಾಣಿಸಿಕೊಂಡಿತು. ಪರೀಕ್ಷಿಸಿದಾಗ ತಿಳಿದದ್ದು ಇಷ್ಟು: ಔಷಧಿ ಕಬ್ಬಿಣವನ್ನು ಕಿತ್ತುಕೊಂಡು ಹೊರಟಾಗ ರೈಜೋಪಸ್ ಆ ಔಷಧಿಯನ್ನೇ ತನ್ನ ಮೈಗೆ ಅಂಟಿಸಿಕೊಂಡು ಕಬ್ಬಿಣವನ್ನು ಇಳಿಸಿಕೊಳ್ಳುತ್ತಿತ್ತು. ಗೋದಾಮು ಖಾಲಿ ಮಾಡಲು ಕಳಿಸಿದ ಲಾರಿ ಕಳ್ಳನ ಮನೆಯ ಮುಂದೆ ಹೋಗಿ ನಿಂತ ಕಥೆ.

ಇನ್ನು ಅದು ಸಾಗುವ ದಾರಿ. ಮೂಗಿನ ಅಕ್ಕಪಕ್ಕದಲ್ಲಿ, ಕೆನ್ನೆ ಮತ್ತು ಹಣೆಯ ಮೂಳೆಗಳ ಒಳಗೆ, ಗಾಳಿ ತುಂಬಿದ ಪೊಳ್ಳು ಕೋಣೆಗಳಿವೆ. ಅವೇ ಸೈನಸ್‌ಗಳು. ನೆಗಡಿಯಾದಾಗ ತಲೆ ಭಾರವೆನಿಸುವುದು ಇವು ಕಟ್ಟಿಕೊಂಡಾಗ. ಬೀಜಕ ಇಲ್ಲಿ ಮೊಳೆತರೆ ಎಳೆ ಎಳೆಯಾಗಿ ಹರಡಿ ನೇರವಾಗಿ ರಕ್ತನಾಳದ ಗೋಡೆಯನ್ನು ತೂರುತ್ತದೆ. ನಾಳದೊಳಗೆ ರಕ್ತ ಹೆಪ್ಪುಗಟ್ಟುತ್ತದೆ, ಅದರಿಂದ ಪೋಷಣೆ ಪಡೆಯುತ್ತಿದ್ದ ಮಾಂಸ ಸಾಯುತ್ತದೆ. ಸೈನಸ್‌ಗೂ ಕಣ್ಣಿನ ಗೂಡಿಗೂ ನಡುವೆ ಇರುವ ಮೂಳೆ ಎಷ್ಟು ತೆಳುವೆಂದರೆ, ಹಳೆಯ ಅಂಗರಚನಾಶಾಸ್ತ್ರಜ್ಞರು ಲ್ಯಾಟಿನ್‌ನಲ್ಲಿ ಅದಕ್ಕೆ ಇಟ್ಟ ಹೆಸರಿನ ಅರ್ಥವೇ ‘ಕಾಗದದಂಥ ಹಾಳೆ’. ಆ ಕಾಗದ ಹರಿದರೆ ಕಣ್ಣು, ಕಣ್ಣಿನ ಹಿಂದೆ ಮಿದುಳು. ಮೊದಲು ಒಂದು ಪಕ್ಕದ ಮೂಗು ಕಟ್ಟುವುದು, ಅದರಿಂದ ರಕ್ತ ಬೆರೆತ ಇಲ್ಲವೇ ಕಪ್ಪನೆಯ ಸಿಂಬಳ, ಒಂದೇ ಕೆನ್ನೆಯಲ್ಲಿ ನೋವು ಅಥವಾ ಜೋಮು, ಮೇಲಿನ ಹಲ್ಲು ಅಲ್ಲಾಡುವುದು, ರೆಪ್ಪೆ ಜೋತುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು. ಈ ‘ಒಂದೇ ಪಕ್ಕ’ ಎಂಬುದು ಮುಖ್ಯ. ಸಾಮಾನ್ಯ ನೆಗಡಿ ಹೀಗೆ ಪಕ್ಷಪಾತ ಮಾಡುವುದು ಅಪರೂಪ. ಹಲ್ಲುನೋವೆಂದು ದಂತವೈದ್ಯರ ಬಳಿಗೆ ಹೋಗಿ ಅಲ್ಲಿ ರೋಗ ಪತ್ತೆಯಾದವರೂ ಇದ್ದರು. ರೋಗ ಸಾಗುವುದು ತಿಂಗಳ ಲೆಕ್ಕದಲ್ಲಲ್ಲ, ದಿನಗಳ ಲೆಕ್ಕದಲ್ಲಿ. ಸೋಮವಾರದ ಜೋಮು ವಾರದ ಕೊನೆಗೆ ಕುರುಡಾಗಿರಬಹುದು.

ಮಧುಮೇಹ ಮೊದಲೂ ಇತ್ತು, ಬೂಷ್ಟೂ ಇತ್ತು. 2021ರಲ್ಲಿ ಹೊಸದಾಗಿ ಸೇರಿದ್ದೇನು? ವೈರಸ್ಸು ತಾನೇ ಒಂದಿಷ್ಟು ಕೆಲಸ ಮಾಡಿಕೊಟ್ಟಿರಬೇಕು. ಅದು ರಕ್ತನಾಳಗಳ ಒಳಮೈಯನ್ನು ಕೆಡಿಸುತ್ತದೆ, ಸಕ್ಕರೆಯನ್ನು ಏರಿಸುತ್ತದೆ. ಆದರೆ ಹೆಚ್ಚಿನ ಪಾಲು ಸಲ್ಲಬೇಕಾದದ್ದು ಸ್ಟೀರಾಯ್ಡ್‌ಗೆ. ಇಲ್ಲಿ ಎಚ್ಚರದಿಂದ ಮಾತಾಡಬೇಕು, ಏಕೆಂದರೆ ಸ್ಟೀರಾಯ್ಡ್ ಖಳನಾಯಕನಲ್ಲ. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗದ ಫಲಿತಾಂಶ ಹೊರಬಂದಾಗ ಜಗತ್ತು ನಿಟ್ಟುಸಿರು ಬಿಟ್ಟಿತ್ತು. ಹಳೆಯ, ಅಗ್ಗದ ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಕೊಟ್ಟರೆ, ವೆಂಟಿಲೇಟರಿನಲ್ಲಿದ್ದವರ ಸಾವು ಮೂರನೆಯ ಒಂದು ಭಾಗದಷ್ಟೂ, ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದನೆಯ ಒಂದು ಭಾಗದಷ್ಟೂ ಇಳಿಯಿತು. ಅದೇ ಪ್ರಯೋಗ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿತ್ತು: ಆಮ್ಲಜನಕ ಬೇಕಿಲ್ಲದ ರೋಗಿಗೆ ಇದರಿಂದ ಯಾವ ಲಾಭವೂ ಇಲ್ಲ. ನಮ್ಮಲ್ಲಿ ಮೊದಲರ್ಧ ಎಲ್ಲರಿಗೂ ಕೇಳಿಸಿತು, ಎರಡನೆಯರ್ಧ ಕೇಳಿಸಲಿಲ್ಲ.

ಹಾಸಿಗೆ ಸಿಗದೆ ಮನೆಯಲ್ಲೇ ಉಳಿದವರು ವಾಟ್ಸಾಪಿನಲ್ಲಿ ಸುತ್ತುತ್ತಿದ್ದ ಔಷಧಿ ಚೀಟಿಯನ್ನು ಅಂಗಡಿಗೆ ತೋರಿಸಿ ಮಾತ್ರೆ ತಂದರು. ಜ್ವರ ಬಂದ ಮೊದಲ ದಿನವೇ ಶುರುಮಾಡಿದರು, 10 ದಿನಕ್ಕೆ ನಿಲ್ಲಿಸಬೇಕಾದದ್ದನ್ನು ಮೂರು ವಾರ ನುಂಗಿದರು. ಡೋಸು ಎರಡರಷ್ಟು ಮೂರರಷ್ಟಾದದ್ದೂ ಉಂಟು. ಸ್ಟೀರಾಯ್ಡ್ ಎರಡು ಕೆಲಸ ಮಾಡುತ್ತದೆ: ದೇಹದ ರಕ್ಷಣಾ ಪಡೆಯನ್ನು ಮಲಗಿಸುತ್ತದೆ, ಸಕ್ಕರೆಯನ್ನು ಏರಿಸುತ್ತದೆ. ಮನೆಯಲ್ಲಿ ಸಕ್ಕರೆ ನೋಡುವವರು ಯಾರು? ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2019ರ ಅಂದಾಜಿನಂತೆ ಭಾರತದಲ್ಲಿ 7 ಕೋಟಿ 70 ಲಕ್ಷ ವಯಸ್ಕ ಮಧುಮೇಹಿಗಳಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಮಗೆ ಆ ಕಾಯಿಲೆ ಇರುವುದೇ ತಿಳಿದಿರಲಿಲ್ಲ. ಕಣ್ಣು ಊದಿಕೊಂಡು ಆಸ್ಪತ್ರೆಗೆ ಬಂದ ಮೇಲೆಯೇ ತನಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊದಲ ಬಾರಿಗೆ ತಿಳಿದವರು ಕಡಿಮೆಯೇನಲ್ಲ.

ಇದು ಬರಿಯ ಊಹೆಯಲ್ಲ. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ದೇಶದ 16 ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನದಲ್ಲಿ 287 ಮ್ಯೂಕರ್ ರೋಗಿಗಳಿದ್ದರು. ಅವರಲ್ಲಿ 187 ಮಂದಿಗೆ ಕೋವಿಡ್ ಬಂದಿತ್ತು. ಹಿಂದಿನ ವರ್ಷದ ಅದೇ ತಿಂಗಳುಗಳಿಗೆ ಹೋಲಿಸಿದರೆ ರೋಗ ಎರಡು ಪಟ್ಟಾಗಿತ್ತು. ಹತೋಟಿಯಲ್ಲಿಲ್ಲದ ಮಧುಮೇಹವೇ ಎಲ್ಲಕ್ಕಿಂತ ದೊಡ್ಡ ಕಾರಣವಾಗಿತ್ತು. ಕೋವಿಡ್ ಬಂದವರಲ್ಲಿ ಅನುಚಿತ ಸ್ಟೀರಾಯ್ಡ್ ಬಳಕೆಯ ನಂಟೂ ಕಂಡಿತು. ಹನ್ನೆರಡು ವಾರ ಕಳೆಯುವಷ್ಟರಲ್ಲಿ ರೋಗಿಗಳಲ್ಲಿ ಸುಮಾರು 46 ಶೇಕಡಾ ಮಂದಿ ತೀರಿಕೊಂಡಿದ್ದರು. ಎರಡನೆಯ ಅಲೆಗೆ ಮೊದಲೇ ಬಂದ ಮುನ್ಸೂಚನೆ ಇದು. ಕೇಳಿಸಿಕೊಳ್ಳುವಷ್ಟರಲ್ಲಿ ಏಪ್ರಿಲ್ ಬಂದಿತ್ತು.

ಆಗ ಎದ್ದ ಇನ್ನೊಂದು ಗುಮಾನಿ ಆಮ್ಲಜನಕದ ಮೇಲೆ. ಕಾರ್ಖಾನೆಯ ಸಿಲಿಂಡರುಗಳನ್ನೇ ಆಸ್ಪತ್ರೆಗೆ ತಿರುಗಿಸಿದ್ದರಿಂದ, ಅವುಗಳೊಳಗಿನ ಕೊಳೆಯೇ ಶಿಲೀಂಧ್ರ ತಂದಿತೆಂದು ಅನೇಕರು ಹೇಳಿದರು. ವೆಲ್ಡಿಂಗ್, ಕಟಿಂಗ್‌ಗಳಲ್ಲಿ ಆಮ್ಲಜನಕದ ಸಿಲಿಂಡರನ್ನು ದಿನವೂ ಕಂಡ ಉಕ್ಕಿನ ಊರಿನವರಿಗೆ ಇದು ಸುಲಭವಾಗಿ ನಂಬುವಂಥ ಮಾತು. ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಆ ದಿನಗಳಲ್ಲಿ ಆಸ್ಪತ್ರೆಗಳಿಗೆ ಟ್ಯಾಂಕರುಗಟ್ಟಲೆ ಆಮ್ಲಜನಕ ಕಳಿಸಿದ್ದೂ ನಿಜ. ಆದರೆ ಆಮ್ಲಜನಕವನ್ನು ತಯಾರಿಸುವುದು ಗಾಳಿಯನ್ನು ಸೊನ್ನೆಗಿಂತ 180 ಡಿಗ್ರಿಗೂ ಕೆಳಗೆ ತಣಿಸಿ ದ್ರವವಾಗಿಸಿ. ಆ ಚಳಿಯಲ್ಲಿ ಯಾವ ಬೂಷ್ಟೂ ಬೆಳೆಯದು. ಅನುಮಾನಿಸುವುದಾದರೆ ರೋಗಿಯ ಮಂಚದ ಪಕ್ಕದ, ಆಮ್ಲಜನಕಕ್ಕೆ ತೇವ ಕೊಡುವ ನೀರಿನ ಬಾಟಲಿಯನ್ನು ಅನುಮಾನಿಸಬೇಕು. ಶುದ್ಧ ನೀರಿನ ಬದಲು ನಲ್ಲಿ ನೀರು ತುಂಬಿದರೆ ಸೋಂಕಿಗೆ ಅವಕಾಶವುಂಟು, ಅದನ್ನು ಶುಚಿಯಾಗಿಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಮನೆಯಲ್ಲೇ ಇದ್ದು ಆಮ್ಲಜನಕವನ್ನೇ ಪಡೆಯದವರಿಗೂ ರೋಗ ಬಂದಿತ್ತು. ಸಿಲಿಂಡರಿನ ಮೇಲೆ ಹೊರಿಸಿದ ಆರೋಪ ಸಾಬೀತಾಗಲಿಲ್ಲ. ನನಗೆ ಅನಿಸುವಂತೆ, ಹೊರಗಿನ ಯಂತ್ರದ ಮೇಲೆ ತಪ್ಪು ಹೊರಿಸುವುದು ನಮ್ಮ ಮಾತ್ರೆಯ ಡಬ್ಬಿಯನ್ನು ತೆರೆದು ನೋಡುವುದಕ್ಕಿಂತ ಸುಲಭವಾಗಿತ್ತು.

ಇದೇ ವೈರಸ್ಸು, ಇದೇ ಸ್ಟೀರಾಯ್ಡ್ ಯೂರೋಪಿನಲ್ಲೂ ಇದ್ದವು. ಅಲ್ಲಿಯೂ ಶಿಲೀಂಧ್ರ ಬಂತು, ಆದರೆ ಅದು ಬಹುಮಟ್ಟಿಗೆ ಆಸ್ಪರ್ಜಿಲಸ್, ಅದೂ ತೀವ್ರ ನಿಗಾ ಘಟಕದಲ್ಲಿದ್ದವರ ಶ್ವಾಸಕೋಶದಲ್ಲಿ. ತೀವ್ರ ಫ್ಲೂ ಬಂದವರಲ್ಲಿ ಹಾಗಾಗುವುದನ್ನು ನೆದರ್‌ಲೆಂಡ್ಸ್, ಬೆಲ್ಜಿಯಂಗಳ ವೈದ್ಯರು ಕೋವಿಡ್‌ಗೆ ಮೊದಲೇ ಗಮನಿಸಿದ್ದರು. ವೈರಸ್ಸಿನ ಬೆನ್ನಿಗೆ ಶಿಲೀಂಧ್ರ ಎಂಬುದು ಎಲ್ಲೆಡೆಯ ಕಥೆ. ಅದು ಮ್ಯೂಕರ್ ಆಗಿ, ಮೂಗಿನಿಂದ ಕಣ್ಣಿಗೆ ಹತ್ತಿದ್ದು ಮಾತ್ರ ಸಕ್ಕರೆ ಕಾಯಿಲೆ ಹೆಚ್ಚಿರುವ ಬೆಚ್ಚನೆಯ ನಮ್ಮ ನಾಡಿನ ಕಥೆ.

ರೋಗವನ್ನು ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ. ದುರ್ಬೀನು ಹಾಕಿ ಮೂಗಿನೊಳಗಿನ ಚೂರು ಮಾಂಸ ತೆಗೆದು, ಅದರ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಗಲವಾದ ರಿಬ್ಬನ್ನಿನಂಥ, ನಡುವೆ ಗೋಡೆಗಳಿಲ್ಲದ ಎಳೆಗಳು ಕಾಣುತ್ತವೆ. ಒಂದೆರಡು ಗಂಟೆಯ ಕೆಲಸ. ಕಷ್ಟವಿರುವುದು ಚಿಕಿತ್ಸೆಯಲ್ಲಿ. ಸತ್ತ ಮಾಂಸಕ್ಕೆ ರಕ್ತ ಹೋಗದಿದ್ದ ಮೇಲೆ ರಕ್ತದಲ್ಲಿ ಕೊಟ್ಟ ಔಷಧಿ ಹೋಗುವುದೆಲ್ಲಿಂದ? ಹಾಗಾಗಿ ಕಪ್ಪಾದದ್ದನ್ನೆಲ್ಲ ಕೆತ್ತಿ ತೆಗೆಯಲೇಬೇಕು. ಕೆಲವೊಮ್ಮೆ ಮೇಲ್ದವಡೆ, ಕೆಲವೊಮ್ಮೆ ಕಣ್ಣು. ಜೀವ ಉಳಿಸಲು ಕಣ್ಣು ಬಿಟ್ಟುಕೊಡುವ ಆ ಸಮ್ಮತಿ ಪತ್ರಕ್ಕೆ ಸಹಿ ಹಾಕಿದ ಮನೆಯವರ ಸ್ಥಿತಿಯನ್ನು ಬಣ್ಣಿಸಬೇಕಿಲ್ಲ.

ಜೊತೆಗೆ ಬೇಕಾದದ್ದು ಆಂಫೊಟೆರಿಸಿನ್-ಬಿ. ವೆನೆಜುವೆಲಾದ ಒರಿನೊಕೊ ನದಿಯ ಸೀಮೆಯ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ಬೇರ್ಪಡಿಸಿದ ಔಷಧಿ ಇದು. ಮಣ್ಣಿನ ಬೂಷ್ಟಿಗೆ ಮಣ್ಣಿನಿಂದಲೇ ಮದ್ದು. ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನು ತೂತು ಮಾಡುವುದು ಇದರ ವಿದ್ಯೆ. ಆದರೆ ನಮ್ಮ ಜೀವಕೋಶದ ಕೊಲೆಸ್ಟೆರಾಲ್ ಅದರ ಸೋದರ ಸಂಬಂಧಿಯಾದ್ದರಿಂದ ಏಟು ನಮಗೂ ಬೀಳುತ್ತದೆ. ಚಳಿಜ್ವರ ಬರುತ್ತದೆ, ಮೂತ್ರಪಿಂಡ ಸೊರಗುತ್ತದೆ. ಔಷಧಿಯನ್ನು ಕೊಬ್ಬಿನ ಸಣ್ಣ ಗುಳ್ಳೆಗಳೊಳಗೆ ತುಂಬಿದ ಲೈಪೊಸೋಮಲ್ ರೂಪದಲ್ಲಿ ಈ ಕಾಟ ಕಡಿಮೆ, ಬೆಲೆ ಬಹಳ ಹೆಚ್ಚು. ಲೆಕ್ಕ ನೋಡಿ. ತೂಕದ ಕಿಲೋವೊಂದಕ್ಕೆ ದಿನಕ್ಕೆ 5 ಮಿಲಿಗ್ರಾಂನಂತೆ 60 ಕಿಲೋ ತೂಗುವವನಿಗೆ 300 ಮಿಲಿಗ್ರಾಂ. ಒಂದು ಸೀಸೆಯಲ್ಲಿರುವುದು 50. ದಿನಕ್ಕೆ 6 ಸೀಸೆ, ನಾಲ್ಕು ವಾರಕ್ಕೆ 168. ಒಂದೊಂದಕ್ಕೂ ಸಾವಿರಾರು ರೂಪಾಯಿ. ಅಪರೂಪದ ರೋಗಕ್ಕೆಂದು ಅಳತೆಯಾಗಿ ತಯಾರಾಗುತ್ತಿದ್ದ ಔಷಧಿ ಒಂದೇ ತಿಂಗಳಲ್ಲಿ ಸಾವಿರಾರು ಜನರಿಗೆ ಬೇಕಾದಾಗ ಕಪಾಟುಗಳು ಬರಿದಾದವು. ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೀಸೆಗಳನ್ನು ಹಂಚಿಕೆ ಮಾಡಿತು. 2021ರ ಜೂನ್ 12ರಂದು ಜಿ.ಎಸ್.ಟಿ. ಮಂಡಳಿ ಇದರ ಮೇಲಿನ ತೆರಿಗೆಯನ್ನು ಸೊನ್ನೆಗೆ ಇಳಿಸಿತು. ಔಷಧಿ ಎಲ್ಲಿದೆಯೆಂದು ಊರೂರು ಅಲೆದ ಮನೆಯವರಿಗೆ ತೆರಿಗೆಗಿಂತ ದೊಡ್ಡ ಚಿಂತೆ ಸೀಸೆ ಸಿಗುವುದೇ ಆಗಿತ್ತು.

ಭಯವೂ ತನ್ನ ಪಾಲಿನ ಹಾನಿ ಮಾಡಿತು. ಮ್ಯೂಕರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ರೋಗಿಯ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಆದರೆ ಕೋವಿಡ್‌ನ ಹೆಸರಿನೊಡನೆ ಸೇರಿಬಂದದ್ದರಿಂದ ಇದೂ ಅಂಟುರೋಗವೆಂದು ಅನೇಕರು ನಂಬಿದರು. ಮನೆಯ ಮುಂದೆ ಇನ್ನೊಮ್ಮೆ ಪಟ್ಟಿ ಕಟ್ಟಿಯಾರು ಎಂಬ ಅಂಜಿಕೆಯಿಂದ ಮುಖದ ನೋವನ್ನು ಮುಚ್ಚಿಟ್ಟು ಅಮೂಲ್ಯವಾದ ಮೂರು ನಾಲ್ಕು ದಿನ ಕಳೆಯುವುದೆಂದರೆ ಈ ರೋಗದಲ್ಲಿ ಕಣ್ಣಿಗೂ ಕುರುಡಿಗೂ ಇರುವ ಅಂತರ.

ಅಲೆ ಇಳಿಯಿತು, ಸುದ್ದಿಯೂ ಇಳಿಯಿತು. ರೋಗ ತನ್ನ ಹಳೆಯ ಅಪರೂಪದ ಸ್ಥಿತಿಗೆ ಮರಳಿದೆ. ಹತೋಟಿ ತಪ್ಪಿದ ಮಧುಮೇಹವಿದ್ದವರು, ಅಂಗ ಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರು ಈಗಲೂ ಆಗೊಮ್ಮೆ ಈಗೊಮ್ಮೆ ಇದಕ್ಕೆ ಸಿಕ್ಕಿಬೀಳುತ್ತಾರೆ. ಬದುಕುಳಿದವರ ಕಥೆ ಮಾತ್ರ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯಲಿಲ್ಲ. ಮೇಲ್ದವಡೆ ತೆಗೆಸಿಕೊಂಡವರ ಬಾಯಿಗೂ ಮೂಗಿಗೂ ನಡುವಿನ ಛಾವಣಿಯೇ ಇಲ್ಲ. ಕುಡಿದ ನೀರು ಮೂಗಿನಲ್ಲಿ ಇಳಿಯುತ್ತದೆ, ಆಡಿದ ಮಾತು ಗಾಳಿಯಾಗಿ ಸೋರುತ್ತದೆ, ಊಟಕ್ಕೆ ನಾಲ್ಕು ಜನರ ನಡುವೆ ಕೂರುವುದೇ ಮುಜುಗರ. ದಂತವೈದ್ಯರು ಬಾಯಿಯ ಅಚ್ಚು ತೆಗೆದು, ಅಕ್ರಿಲಿಕ್ಕಿನ ತಟ್ಟೆಯೊಂದಕ್ಕೆ ಹಲ್ಲಿನ ಸಾಲು ಜೋಡಿಸಿ ಆ ತೂತನ್ನು ಮುಚ್ಚುವ ಸಾಧನ ಮಾಡಿಕೊಡುತ್ತಾರೆ. ಅದನ್ನು ಹಾಕಿಕೊಂಡ ಕೂಡಲೇ ಮಾತಿಗೆ ಮತ್ತೆ ‘ಪ’, ‘ಬ’ಗಳು ಬರುತ್ತವೆ. ಗಾಯ ಮಾಗಿ ಒಳಗಿನ ಆಕಾರ ಬದಲಾದಂತೆ ತಟ್ಟೆ ಸಡಿಲವಾಗುತ್ತದೆ, ಆಗ ಹೊಸ ಅಚ್ಚು ತೆಗೆಸಬೇಕು. ದಿನವೂ ರಾತ್ರಿ ತೆಗೆದು ತೊಳೆದು ನೀರಿನಲ್ಲಿ ಇಡಬೇಕು. ಬೆಳಗ್ಗೆ ಹಾಕಿಕೊಳ್ಳುವ ಮೊದಲು ಅಂಗುಳಿನ ಅಂಚು ಕೆಂಪಗಿದೆಯೇ, ಕಪ್ಪಗಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಮತ್ತು ಬೆರಳು ಚುಚ್ಚಿ ಸಕ್ಕರೆಯನ್ನೂ.